ವೃದ್ಧರ ಔಷಧಗಳೂ ದಾದಿಯರ ಅಧಿಕಾರವೂ

ನಮ್ಮ ದೇಶದಲ್ಲಿ ವೃದ್ಧರ ಸಂಖ್ಯೆಯು ವರ್ಷೇ ವರ್ಷೇ ಏರುತ್ತಲಿದೆ. 2011ರ ಜನಗಣತಿಯಲ್ಲಿಯೇ ಅರುವತ್ತು ದಾಟಿದವರು ಹತ್ತು ಕೋಟಿಗೂ ಮೇಲ್ಪಟ್ಟಿದ್ದರು. ಆಯುಸ್ಸು ಬೆಳೆದುದು ಸಂತೋಷದ ಸಂಗತಿಯೇ ಸರಿ. ಆದರೆ ಅದರೊಡನೆ ಮಾತ್ರೆಗಳ ಚೀಲವೂ ಬೆಳೆಯುತ್ತಿರುವುದನ್ನು ವಾಚಕರ ಲಕ್ಷ್ಯಕ್ಕೆ ತರಬಯಸುತ್ತೇವೆ. ಸಕ್ಕರೆ ಕಾಯಿಲೆಗೆ ಒಬ್ಬ ವೈದ್ಯರು, ರಕ್ತದೊತ್ತಡಕ್ಕೆ ಇನ್ನೊಬ್ಬರು, ಮೊಣಕಾಲ ನೋವಿಗೆ ಮತ್ತೊಬ್ಬರು ಔಷಧ ಬರೆಯುತ್ತಾರೆ. ಒಬ್ಬರ ಚೀಟಿಯನ್ನು ಇನ್ನೊಬ್ಬರು ಕಾಣುವುದು ಅಪರೂಪ. ಸಾಲದುದಕ್ಕೆ ಅಂಗಡಿಯಿಂದ ತಾವಾಗಿಯೇ ಕೊಂಡುತಂದ ಗುಳಿಗೆಗಳೂ ನಾಟಿಮದ್ದೂ ಸೇರಿಕೊಳ್ಳುತ್ತವೆ.

ದಿನಕ್ಕೆ ಐದಾರು ಔಷಧಗಳ ಸೇವನೆಯೇ ತಪ್ಪೆಂದು ನಾವು ಹೇಳುವುದಿಲ್ಲ. ಅನೇಕರಿಗೆ ಅವೆಲ್ಲವೂ ಬೇಕಾದವೇ. ಅಪಾಯವಿರುವುದು ಅವುಗಳ ಒಟ್ಟು ಲೆಕ್ಕವನ್ನು ಯಾರೂ ನೋಡದಿರುವುದರಲ್ಲಿ. ಮುಪ್ಪಿನಲ್ಲಿ ಮೂತ್ರಪಿಂಡಗಳ ಶಕ್ತಿ ಕುಂದುವುದರಿಂದ ಎಷ್ಟೋ ಔಷಧಗಳು ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಒಂದು ಉದಾಹರಣೆಯನ್ನು ನೋಡಿರಿ. ರಕ್ತದೊತ್ತಡಕ್ಕೆಂದು ಕೊಟ್ಟ ಆಮ್ಲೋಡಿಪಿನ್ ಕೆಲವರಿಗೆ ಕಾಲುಬಾವು ತರುತ್ತದೆ. ಅದನ್ನು ಹೊಸ ರೋಗವೆಂದೆಣಿಸಿ ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟರೆ, ವೃದ್ಧರು ರಾತ್ರಿ ಪದೇ ಪದೇ ಏಳಬೇಕಾಗುತ್ತದೆ. ನಿದ್ದೆ ಕೆಟ್ಟಿತೆಂದು ನಿದ್ದೆಮಾತ್ರೆ ಬರುತ್ತದೆ. ಅದರ ಮಂಪರಿನಲ್ಲಿ ಎದ್ದವರು ಬಿದ್ದು ಮೂಳೆ ಮುರಿದುಕೊಳ್ಳುತ್ತಾರೆ. ಈ ಸರಪಳಿಯನ್ನು ಕಡಿಯುವವರು ಯಾರು?

ದಾದಿಯರೇ ಇದಕ್ಕೆ ಮೊದಲು ಕೈಹಾಕಬಲ್ಲವರೆಂಬುದು ನಮ್ಮ ದೃಢವಾದ ಅಭಿಪ್ರಾಯ. ವೈದ್ಯರು ರೋಗಿಯ ಬಳಿ ಇರುವುದು ಕೆಲವೇ ನಿಮಿಷ. ಹೊತ್ತುಹೊತ್ತಿಗೆ ಮಾತ್ರೆ ಕೊಡುವವರು ದಾದಿಯರು. ಒಂದೇ ಔಷಧವು ಎರಡು ಹೆಸರಿನಲ್ಲಿ ಎರಡು ಸಲ ಹೋಗುತ್ತಿರುವುದೂ, ಮಂದದೃಷ್ಟಿಯವರು ಚೀಟಿ ಓದಲಾರದಿರುವುದೂ, ಹಣವಿಲ್ಲದೆ ಔಷಧ ನಿಂತುಹೋಗಿರುವುದೂ ಅವರ ಕಣ್ಣಿಗೇ ಮೊದಲು ಬೀಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು ಔಷಧಗಳಿಂದಾಗುವ ಹಾನಿಯನ್ನು ತಡೆಯಲು 2017ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ಬಹುಔಷಧ ಸೇವನೆಯನ್ನೂ, ಆಸ್ಪತ್ರೆಯಿಂದ ಮನೆಗೆ ಮರಳುವ ಸಂಧಿಕಾಲವನ್ನೂ ವಿಶೇಷವಾಗಿ ಹೆಸರಿಸಿದೆ. ಆ ಸಂಧಿಯಲ್ಲಿ ನಿಂತಿರುವವರೂ ದಾದಿಯರೇ.

ಆದುದರಿಂದ ಸರಕಾರದವರಿಗೂ ಆಸ್ಪತ್ರೆಗಳ ಆಡಳಿತದವರಿಗೂ ನಮ್ಮ ಸೂಚನೆಗಳಿವು: ವೃದ್ಧ ರೋಗಿಯು ದಾಖಲಾದಾಗಲೂ ಮನೆಗೆ ಹೊರಟಾಗಲೂ ಅವರ ಸಮಸ್ತ ಔಷಧಗಳ ಒಂದೇ ಪಟ್ಟಿಯನ್ನು ದಾದಿಯು ಕನ್ನಡದಲ್ಲಿ ಬರೆದುಕೊಡಲಿ, ಸಂಶಯ ಬಂದಲ್ಲಿ ವೈದ್ಯರನ್ನು ಪ್ರಶ್ನಿಸುವ ಹಕ್ಕು ಆಕೆಗೆ ಲಿಖಿತ ನಿಯಮದಿಂದ ದೊರೆಯಲಿ, ಈ ಕಾರ್ಯಕ್ಕೆ ಬೇಕಾದ ಸಮಯವೂ ಸಿಬ್ಬಂದಿಯೂ ಒದಗಲಿ. 2018ರಿಂದೀಚೆಗೆ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ನೇಮಕಗೊಂಡ ಸಮುದಾಯ ಆರೋಗ್ಯಾಧಿಕಾರಿಗಳಲ್ಲಿ ದಾದಿಯರ ಶಿಕ್ಷಣ ಪಡೆದವರು ಅನೇಕರಿರುವುದರಿಂದ, ಈ ಪದ್ಧತಿಯನ್ನು ಅಲ್ಲಿಗೂ ಒಯ್ಯುವುದು ಕಷ್ಟವಲ್ಲ.

ಇದು ವೈದ್ಯರ ಅಧಿಕಾರದಲ್ಲಿ ಕೈಹಾಕಿದಂತಾಗುವುದೆಂದು ಕೆಲವರು ಆಕ್ಷೇಪಿಸಬಹುದು. ಇಂಗ್ಲೆಂಡಿನಲ್ಲಿ ವಿಶೇಷ ಶಿಕ್ಷಣ ಪಡೆದ ದಾದಿಯರಿಗೆ ಔಷಧ ಬರೆಯುವ ಹಕ್ಕೇ ಉಂಟು. ನಾವು ಅಷ್ಟನ್ನು ಕೇಳುತ್ತಿಲ್ಲ. ಕೆಲವು ಔಷಧಗಳನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯಕರವಾದುದರಿಂದ ನಿರ್ಣಯವು ವೈದ್ಯರದೇ ಆಗಿರಲಿ. ಆದರೆ ಕಂಡುದನ್ನು ಹೇಳಲು ಹೆದರುವ ದಾದಿಯಿಂದ ರೋಗಿಗೂ ಲಾಭವಿಲ್ಲ, ವೈದ್ಯರಿಗೂ ಗೌರವವಿಲ್ಲ. ಹಿರಿಯರ ಪ್ರಾಣಕ್ಕಿಂತ ಹುದ್ದೆಯ ಹಮ್ಮು ದೊಡ್ಡದಲ್ಲವೆಂಬುದನ್ನು ಅಧಿಕಾರಿಗಳು ನಿಯಮದ ಮೂಲಕವೇ ತೋರಿಸಿಕೊಡಬೇಕು.