ನರ್ಸಿಂಗ್ ಸೀಟು: ಸಾಲದ ಲೆಕ್ಕ ನಾವೇ ಹಾಕಬೇಕು

ಪಿಯುಸಿ ಫಲಿತಾಂಶ ಬಂದದ್ದೇ ತಡ, ನಮ್ಮ ಕೇರಿಗಳಿಗೆ ಏಜೆಂಟರು ಬರ್ತಾರೆ. ‘ನಿಮ್ಮ ಮಗಳಿಗೆ ನರ್ಸಿಂಗ್ ಸೀಟು ಕೊಡಿಸ್ತೀವಿ, ಬ್ಯಾಂಕ್ ಸಾಲಾನೂ ನಾವೇ ಮಾಡಿಸ್ತೀವಿ, ಓದು ಮುಗೀತಿದ್ದಂಗೆ ಕೆಲಸ, ಆಮೇಲೆ ಫಾರಿನ್ನು’ ಅಂತಾರೆ. ಸಂಬಳ ಎಷ್ಟು ಬರುತ್ತೆ, ತಿಂಗಳ ಕಂತು ಎಷ್ಟು ಹೋಗುತ್ತೆ ಅನ್ನೋದನ್ನು ಮಾತ್ರ ಹೇಳೋದಿಲ್ಲ. ಆ ಲೆಕ್ಕವನ್ನು ನಾವೇ ಕೂತು ಹಾಕಬೇಕಾಗಿದೆ.

ಮೊದಲಿಗೇ ಒಂದು ಮಾತು. ನರ್ಸಿಂಗ್ ಬೇಡ ಅನ್ನೋರು ನಾವಲ್ಲ. ರಕ್ತ, ಕೀವು, ಮಲಮೂತ್ರ ಮುಟ್ಟುವ ಕೆಲಸ ಅಂತ ಮೇಲ್ಜಾತಿಗಳು ಮೂಗು ಮುಚ್ಚಿಕೊಂಡಿದ್ದ ಕಾಲದಲ್ಲೂ ರೋಗಿಯನ್ನು ಮುಟ್ಟಿದ ಕೈಗಳಿವೆ. ಸಾವಿತ್ರಿಬಾಯಿ ಫುಲೆ ತೀರಿಕೊಂಡದ್ದು 1897ರಲ್ಲಿ, ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಾ. ಪಾವಗಡದ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಕೂಲಿ ಕೇಳಲಿಲ್ಲ. 2018ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ನಮ್ಮ ಅಜ್ಜಿಯರು ಇದೇ ಕೆಲಸವನ್ನು ಒಂದು ಮೊರ ರಾಗಿಗೆ ಮಾಡಿದರು. ಮೊಮ್ಮಗಳು ಅದನ್ನೇ ಓದಿ, ನೋಂದಣಿ ಮಾಡಿಸಿ, ಸಂಬಳಕ್ಕೆ ಮಾಡುತ್ತಾಳೆ ಅಂದರೆ ಅದು ನಮ್ಮ ಹಕ್ಕು. ಆದರೆ ಆ ಸಂಬಳ ಅವಳ ಕೈಗೆ ಬರಬೇಕು, ಬ್ಯಾಂಕಿನ ಬಾಯಿಗಲ್ಲ.

ಈಗ ಲೆಕ್ಕಕ್ಕೆ ಬರೋಣ. ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಸಾಲ ಅಂತ ಇಟ್ಟುಕೊಳ್ಳೋಣ. ಅಷ್ಟಕ್ಕೆ ಜಮೀನಿನ ಅಡಮಾನ ಬೇಕಿಲ್ಲ. ಮ್ಯಾನೇಜರು ಪಹಣಿ ಕೇಳಿದರೆ ಕೊಡಬೇಡಿ. ಓದುವಾಗಲೂ, ಆಮೇಲೆ ಒಂದು ವರ್ಷವೂ ಕಂತು ಕಟ್ಟುವ ಹಾಗಿಲ್ಲ ಅಂತ ಎಲ್ಲರೂ ಖುಷಿಪಡ್ತಾರೆ. ಆದರೆ ಬಡ್ಡಿ ನಿದ್ದೆ ಮಾಡೋದಿಲ್ಲ. ನೂರಕ್ಕೆ 10ರ ಸರಳ ಬಡ್ಡಿ ಹಿಡಿದರೂ ಐದನೇ ವರ್ಷದ ಕೊನೆಗೆ 1 ಲಕ್ಷ 40 ಸಾವಿರ ಬಡ್ಡಿ ಸೇರಿ ಸಾಲ 5 ಲಕ್ಷ 40 ಸಾವಿರ ಆಗಿರುತ್ತೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಹತ್ತಿರ ಹತ್ತಿರ 7,100 ರೂಪಾಯಿ. ಒಟ್ಟು ಕಟ್ಟೋದು ಎಂಟೂವರೆ ಲಕ್ಷಕ್ಕೂ ಮೇಲೆ.

ಇನ್ನು ಸಂಬಳ. ಕೇಂದ್ರ ಸರ್ಕಾರದ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿಗೆ ಏಳನೇ ವೇತನ ಆಯೋಗದ ಪ್ರಕಾರ ಆರಂಭದ ಮೂಲ ವೇತನವೇ 44,900. ಅವಳಿಗೆ ಈ ಕಂತು ಆರರಲ್ಲಿ ಒಂದು ಪಾಲು. ಅದೇ ಹುಡುಗಿ ಖಾಸಗಿ ನರ್ಸಿಂಗ್ ಹೋಮಿನಲ್ಲಿ 15 ಸಾವಿರಕ್ಕೆ ಸೇರಿದರೆ ಅರ್ಧ ಸಂಬಳ ಕಂತಿಗೇ ಹೋಯ್ತು. ಉಳಿದರ್ಧದಲ್ಲಿ ಬೆಂಗಳೂರಿನಲ್ಲಿ ರೂಮು, ಊಟ, ಬಸ್ಸು. ಊರಿಗೆ ಏನು ಕಳಿಸ್ತಾಳೆ? ಓದು ಒಂದೇ, ಡಿಗ್ರಿ ಒಂದೇ, ಸಾಲ ಒಂದೇ. ಬದುಕು ಮಾತ್ರ ಎರಡು.

ಇದು ಹಣೆಬರಹ ಅಲ್ಲ. 2011-12ರಲ್ಲಿ ದೆಹಲಿ, ಮುಂಬೈ, ಕೇರಳದ ನರ್ಸುಗಳು ಬೀದಿಗೆ ಬಂದರು. 2016ರಲ್ಲಿ ಸುಪ್ರೀಂ ಕೋರ್ಟಿನ ಮಾತಿನಂತೆ ಕೂತ ಸಮಿತಿ ಸ್ಪಷ್ಟವಾಗಿ ಬರೆಯಿತು: 200ಕ್ಕೂ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು, 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಲ್ಲೂ 20 ಸಾವಿರಕ್ಕೆ ಕಡಿಮೆ ಕೊಡಕೂಡದು. ಆ ಶಿಫಾರಸನ್ನು ಜಾರಿಗೆ ತರುವ ಹೊಣೆ ರಾಜ್ಯ ಸರ್ಕಾರಗಳದ್ದು. ಕಾಲೇಜಿನ ಫೀಜು ಮಾತ್ರ ಯಾರ ಶಿಫಾರಸಿಗೂ ಕಾಯದೆ ಏರುತ್ತೆ!

ಆದ್ದರಿಂದ ಸೀಟು ಯಾವುದು ಅನ್ನೋದೇ ಮೊದಲ ಪ್ರಶ್ನೆ. ಪರಿಶಿಷ್ಟ ಜಾತಿಯ ಮಕ್ಕಳ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ 1944ರಲ್ಲೇ ಶುರುವಾದದ್ದು. ಮನೆಯ ವರಮಾನ ವರ್ಷಕ್ಕೆ ಎರಡೂವರೆ ಲಕ್ಷದೊಳಗಿದ್ದರೆ ಅದು ಸಿಗಬೇಕು. ಆದರೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದರೆ ಆ ಫೀಜು ವಾಪಸ್ಸು ಬರೋದಿಲ್ಲ. ಏಜೆಂಟ ಮಾರೋದು ಇದೇ ಸೀಟನ್ನು. ಸರ್ಕಾರಿ ಸೀಟಿಗೆ ಅರ್ಜಿ ಹಾಕದೆ, ಕೌನ್ಸೆಲಿಂಗ್‌ಗೆ ಕಾಯದೆ ಅವನ ಕೈಗೆ ಅಡ್ವಾನ್ಸ್ ಕೊಟ್ಟರೆ ನಮ್ಮ ಹಕ್ಕನ್ನು ನಾವೇ ಮಾರಿಕೊಂಡ ಹಾಗೆ. ಸಾಲ ಮಾಡಲೇಬೇಕಾದರೂ ದಾರಿ ಇದೆ. ವರಮಾನ ನಾಲ್ಕೂವರೆ ಲಕ್ಷದೊಳಗಿನವರ ಮಕ್ಕಳು ವೃತ್ತಿ ಕೋರ್ಸು ಓದುವ ಕಾಲದ ಬಡ್ಡಿಯನ್ನು ಕೇಂದ್ರವೇ ಕಟ್ಟುವ ಯೋಜನೆ 2009ರಿಂದ ಇದೆ. ಅದಕ್ಕೆ ಕಾಲೇಜಿಗೂ ತಕ್ಕ ಮಾನ್ಯತೆ ಇರಬೇಕು. ಸೇರುವ ಮೊದಲೇ ಬ್ಯಾಂಕಿನಲ್ಲಿ ಕೇಳಿ. ಸಿಕ್ಕರೆ ಮೇಲಿನ ಕಂತು 5,300ರ ಆಸುಪಾಸಿಗೆ ಇಳಿಯುತ್ತೆ.

ಸರ್ಕಾರಿ ಸೀಟು ಬಿ.ಎಸ್ಸಿ.ಗೆ ಸಿಗಲಿಲ್ಲ, ಜಿ.ಎನ್.ಎಂ.ಗೆ ಸಿಕ್ಕಿತು ಅಂತ ಕೊರಗಬೇಕಿಲ್ಲ. ಅದು 3 ವರ್ಷ. ನೋಂದಣಿ ಮಾಡಿಸಿ, ದುಡಿಯುತ್ತಾ, ಮುಂದೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ಏಮ್ಸ್ ನೇಮಕಾತಿಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಇರುವ ಜಿ.ಎನ್.ಎಂ.ನವರೂ ಅರ್ಜಿ ಹಾಕಬಹುದು. ‘ನಿಮಗೆ ಇಷ್ಟೇ ಸಾಕು’ ಅನ್ನೋರಿಗಾಗಿ ನಾವು ಇದನ್ನು ಬರೀತಿಲ್ಲ. ಸಾಲವಿಲ್ಲದೆ ಹತ್ತುವ ಮೆಟ್ಟಿಲು ಇದೆ ಅಂತ ತೋರಿಸೋಕೆ ಬರೀತಿದ್ದೀವಿ. ಫಾರಿನ್ ಆಸೆಯೂ ತಪ್ಪಲ್ಲ. ಆದರೆ ಅದಕ್ಕೆ ಅನುಭವ ಬೇಕು, ಪರೀಕ್ಷೆ ಪಾಸಾಗಬೇಕು, ಜರ್ಮನಿಗಾದರೆ ಜರ್ಮನ್ ಭಾಷೆಯನ್ನೇ ಕಲೀಬೇಕು. ನಾಳಿನ ದಿರ್ಹಮ್ ನಂಬಿ ಇವತ್ತಿನ ಸಾಲಕ್ಕೆ ಸಹಿ ಹಾಕೋದು ಬೇಡ.

ಇನ್ನೊಂದು ಗಂಡಾಂತರ ಬಾಂಡು. ಒರಿಜಿನಲ್ ಮಾರ್ಕ್ಸ್ ಕಾರ್ಡು ಇಟ್ಟುಕೊಂಡು ‘ಎರಡು ವರ್ಷ ನಮ್ಮ ಆಸ್ಪತ್ರೆಯಲ್ಲೇ ದುಡಿ’ ಅನ್ನೋರಿದ್ದಾರೆ. ಜೀತ ಪದ್ಧತಿ ರದ್ದಾದದ್ದು 1976ರ ಕಾಯಿದೆಯಿಂದ. ಗೌಡನ ಹಟ್ಟಿಯಲ್ಲಿದ್ದರೂ ಜೀತವೇ, ಏಸಿ ವಾರ್ಡಿನಲ್ಲಿದ್ದರೂ ಜೀತವೇ. ಒರಿಜಿನಲ್ ಕೊಡಬೇಡಿ. ಕೇಳಿದರೆ ಒಬ್ಬರೇ ಹೋಗಬೇಡಿ, ಹತ್ತು ಜನ ಸೇರಿ ಹೋಗಿ.

ಬಾಬಾಸಾಹೇಬರೂ ಬಾಂಡಿಗೆ ಸಹಿ ಹಾಕಿದವರೇ. 1913ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನಕ್ಕೆ ಪ್ರತಿಯಾಗಿ ಹತ್ತು ವರ್ಷ ಸೇವೆ ಮಾಡ್ತೀನಿ ಅಂತ ಒಪ್ಪಿದ್ದರು. 1917ರಲ್ಲಿ ಕೆಲಸಕ್ಕೆ ಹೋದರೆ ಆ ಊರು ಇರೋಕೆ ಒಂದು ಕೋಣೆ ಕೊಡಲಿಲ್ಲ. ಆದರೂ ಓದು ಬಿಡಲಿಲ್ಲ. ಪಾಠ ಹೇಳಿ ಉಳಿಸಿದ ಹಣ, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ ಸೇರಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಸಾಲಕ್ಕೆ ಹೆದರಿ ಓದು ಬಿಡೋದು ನಮ್ಮ ದಾರಿ ಅಲ್ಲ. ಲೆಕ್ಕ ಹಾಕದೆ ಕುತ್ತಿಗೆ ಕೊಡೋದೂ ನಮ್ಮ ದಾರಿ ಅಲ್ಲ.

ಬಂಧುಗಳೇ, ಮೂರು ಮಾತು ಕೇರಿ ಕೇರಿಗೂ ಮುಟ್ಟಿಸಿ. ಮೊದಲು ಸರ್ಕಾರಿ ಸೀಟು, ವಿದ್ಯಾರ್ಥಿವೇತನ, ಆಮೇಲಷ್ಟೇ ಸಾಲ. ಆ ಕಾಲೇಜಿನಲ್ಲಿ ಓದಿದ ನಾಲ್ಕು ಹುಡುಗಿಯರನ್ನು ಹುಡುಕಿ ಸಂಬಳ ಕೇಳಿ. ಕಂತು ಅದರ ಐದರಲ್ಲೊಂದು ಪಾಲು ಮೀರಿದರೆ ಆ ಸೀಟು ಬಿಡಿ. ಮೂರನೆಯದು, 2016ರ ಶಿಫಾರಸಿನ ಸಂಬಳ ಕೊಡಿಸಿ ಅಂತ ಸರ್ಕಾರವನ್ನು ಕೇಳಲು ನರ್ಸುಗಳ ಜೊತೆ ನಾವೂ ನಿಲ್ಲೋಣ. ಮೊದಲೆರಡು ಒಂದೊಂದು ಮನೆಯನ್ನು ಉಳಿಸುತ್ತವೆ. ಮೂರನೆಯದಾಗದೆ ನಮ್ಮ ಹುಡುಗಿಯರ ದುಡಿಮೆಗೆ ಬೆಲೆ ಬರೋದಿಲ್ಲ.