ಖಾಸಗಿ ಸಂಗ್ರಹ ಊರಿನ ಆಸ್ತಿಯಾಗುವುದು ಎಂದು?

ಬೆಂಗಳೂರು: ಒಬ್ಬ ವ್ಯಕ್ತಿ ಆಸ್ಥೆಯಿಂದ ಕೂಡಿಸಿಟ್ಟ ಕಲಾಕೃತಿಗಳು ಊರಿನ ಆಸ್ತಿಯಾಗುವುದು ಬಾಗಿಲು ತೆರೆದ ದಿನವೋ, ಒಡೆತನ ಬಿಟ್ಟುಕೊಟ್ಟ ದಿನವೋ? ಕಸ್ತೂರಬಾ ರಸ್ತೆಯ ‘ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ’ (ಮ್ಯಾಪ್) ಈ ಪ್ರಶ್ನೆಯನ್ನು ನಾಡಿನ ಮುಂದಿಟ್ಟಿದೆ.

ಉದ್ಯಮಿ ಅಭಿಷೇಕ್ ಪೊದ್ದಾರ್ ಅವರ ಸಂಗ್ರಹವೇ ಈ ಸಂಸ್ಥೆಯ ತಳಪಾಯ. 2020ರ ಡಿಸೆಂಬರ್‌ನಲ್ಲಿ, ಕೋವಿಡ್ ನಿರ್ಬಂಧಗಳ ನಡುವೆ, ಅದು ಮೊದಲು ಅಂತರ್ಜಾಲದಲ್ಲಿ ಆರಂಭವಾಯಿತು. 2023ರ ಫೆಬ್ರುವರಿ 18ರಂದು ಐದು ಅಂತಸ್ತಿನ ಹೊಸ ಕಟ್ಟಡ ಜನರಿಗೆ ತೆರೆಯಿತು. ಆ ವೇಳೆಗೆ ಚಿತ್ರ, ಶಿಲ್ಪ, ಜವಳಿ, ಛಾಯಾಚಿತ್ರ, ಸಿನಿಮಾ ಪೋಸ್ಟರ್‌ಗಳು ಸೇರಿ 60 ಸಾವಿರಕ್ಕೂ ಹೆಚ್ಚು ವಸ್ತುಗಳು ಅಲ್ಲಿದ್ದವು. ಒಂದು ಮನೆತನದ ಗೋಡೆಗಳಿಗೆ ಸೀಮಿತವಾಗಬಹುದಾಗಿದ್ದುದು ಸಾರ್ವಜನಿಕರ ಕಣ್ಣಿಗೆ ಬಿದ್ದಿದೆ. ಇದು ಸಣ್ಣ ಸಂಗತಿಯಲ್ಲ.

ಆದರೆ ಅದೇ ರಸ್ತೆಯಲ್ಲಿ ಇನ್ನೊಂದು ಅಧ್ಯಾಯವೂ ಇದೆ. ಮೈಸೂರು ಆಸ್ಥಾನದ ಕಲಾವಿದ ಕೆ. ವೆಂಕಟಪ್ಪ ಅವರ ಹೆಸರಿನ ಸರ್ಕಾರಿ ಆರ್ಟ್ ಗ್ಯಾಲರಿಯನ್ನು ಅಭಿವೃದ್ಧಿಪಡಿಸಿ ನಡೆಸಲು ಪೊದ್ದಾರ್ ಅವರ ತಸ್ವೀರ್ ಪ್ರತಿಷ್ಠಾನದೊಂದಿಗೆ ಪ್ರವಾಸೋದ್ಯಮ ಇಲಾಖೆ 2015ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. 2016ರಲ್ಲಿ ಕಲಾವಿದರು ಬೀದಿಗಿಳಿದರು. ಒಪ್ಪಂದ ಕಾರ್ಯರೂಪಕ್ಕೆ ಬರಲಿಲ್ಲ. ಆಗಿನ ತಕರಾರು ಸಂಗ್ರಹದ ಗುಣಮಟ್ಟದ ಬಗೆಗಲ್ಲ. ಕಲಾವಿದರನ್ನು ಕೇಳದೆ ಸಾರ್ವಜನಿಕ ಸ್ಥಳದ ಭವಿಷ್ಯ ನಿರ್ಧರಿಸುವ ಅಧಿಕಾರ ಯಾರದು ಎಂಬುದರ ಬಗೆಗೆ.

ಖಾಸಗಿ ಸಂಗ್ರಹ ಜನರನ್ನು ತಲುಪಲು ಬೇರೆ ದಾರಿಗಳೂ ಇವೆ. ಎಚ್.ಕೆ. ಕೇಜ್ರಿವಾಲ್ ತಮ್ಮ ಸಂಗ್ರಹವನ್ನು ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ದಾನವಾಗಿ ನೀಡಿದರು. ಹೈದರಾಬಾದಿನಲ್ಲಿ ಮೂರನೆಯ ಸಾಲಾರ್ ಜಂಗ್ 1949ರಲ್ಲಿ ತೀರಿಕೊಂಡ ಬಳಿಕ 1951ರಲ್ಲಿ ಅವರ ಸಂಗ್ರಹ ಮ್ಯೂಸಿಯಂ ಆಯಿತು. 1961ರಲ್ಲಿ ಸಂಸತ್ತು ಕಾಯ್ದೆ ಮಾಡಿ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ದಾನಿಯ ವಂಶ ಬದಲಾದರೂ, ಮಾರುಕಟ್ಟೆ ಏರಿಳಿದರೂ ಅಂಥ ಸಂಗ್ರಹಕ್ಕೆ ಕಾನೂನಿನ ಕಾವಲಿದೆ.

ಖಾಸಗಿ ಸಂಸ್ಥೆಗೆ ಕಾಯ್ದೆಯ ಬಲವಿಲ್ಲ. ಅಲ್ಲಿ ಟ್ರಸ್ಟಿನ ಕರಾರು, ಸ್ವತಂತ್ರ ಮಂಡಳಿ, ಬಹಿರಂಗ ಲೆಕ್ಕಪತ್ರಗಳೇ ಕಾವಲು. ಸ್ಥಾಪಕರ ಉತ್ಸಾಹ ಮ್ಯೂಸಿಯಂ ಕಟ್ಟಬಲ್ಲದು. ಅವರ ನಂತರವೂ ಅದನ್ನು ಉಳಿಸುವುದು ವ್ಯವಸ್ಥೆ. ಜೊತೆಗೆ, ಖಾಸಗಿಯವರು ಸೊಗಸಾಗಿ ಕಟ್ಟಿದರೆಂಬ ಕಾರಣಕ್ಕೆ ಸರ್ಕಾರ ತನ್ನ ಗ್ಯಾಲರಿಗಳ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ.

ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದಿಂದ ಶಾಲಾ ಪ್ರವಾಸಕ್ಕೆ ಬಂದ ಮಗು ಸಂಕೋಚವಿಲ್ಲದೆ ಒಳಹೊಕ್ಕು, ಕನ್ನಡದಲ್ಲಿ ವಿವರಣೆ ಓದಿ ಹೊರಬರುವಂತಾದರೆ ಮಾತ್ರ ಸಂಗ್ರಹ ನಿಜಕ್ಕೂ ಊರಿನದಾಯಿತು ಎನ್ನಬಹುದು. ಈ ಅಳತೆಗೋಲು ಖಾಸಗಿ, ಸರ್ಕಾರಿ ಎರಡಕ್ಕೂ ಒಂದೇ.