ಬಲೆ ಹೆಚ್ಚೋ, ಕೊಳವೆ ಹೆಚ್ಚೋ?

ಕಳೆದ ರಾಜ್ಯೋತ್ಸವದ ದಿನ ಊಟದ ಪಂಕ್ತಿ ಮುಗಿದು ಎಲೆ-ಅಡಿಕೆ ನಡೆದಿದ್ದಾಗ ನಮ್ಮ ಮುಂದೆ ಒಂದು ವ್ಯಾಜ್ಯ ಬಂದಿತು. ನಾಸಿಕದ ಸದಸ್ಯರೊಬ್ಬರ ಭಾವನವರಿಗೆ ಲಕ್ವ ಹೊಡೆದಾಗ, ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡಿದ್ದ ರಕ್ತದ ಗರಣೆಯನ್ನು ವೈದ್ಯರು ತಂತಿಯ ಬಲೆಯಿಂದ ಹಿಡಿದೆಳೆದರು. ಭಾವನವರು ಈಗ ತಾವೇ ಕೈಚೀಲ ಹಿಡಿದು ಪೇಟೆಗೆ ಹೋಗಿಬರುತ್ತಾರೆ. ಛತ್ರಪತಿ ಸಂಭಾಜಿನಗರದಿಂದ ಬಂದಿದ್ದ ಸದಸ್ಯರ ತಂದೆಯವರಿಗೂ ಅದೇ ಬೇನೆ. ಅವರ ಗರಣೆಯನ್ನು ಕೊಳವೆಯಿಂದ ಹೀರಿ ತೆಗೆದರು. ಆದರೆ ಅವರ ಬಲಗೈಯೂ ಮಾತೂ ಇನ್ನೂ ತಿರುಗಿ ಬಂದಿಲ್ಲ. "ನಮ್ಮಪ್ಪನಿಗೂ ಬಲೆಯನ್ನೇ ಹಾಕಿಸಿದ್ದರೆ ಇವತ್ತು ಮಾತಾಡುತ್ತಿದ್ದರೇನೋ" ಎಂದು ಆ ಮಗ ಕಣ್ಣಲ್ಲಿ ನೀರು ತಂದರು. ನಾವು ವೈದ್ಯರಲ್ಲ, ಏನು ಹೇಳಿಯೇವು? ತಿಳಿದವರನ್ನು ಕೇಳಿ, ಓದಿ, ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆಂದು ಮಾತು ಕೊಟ್ಟೆವು. ಅವರಿಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಲಕ್ವದಲ್ಲಿ ಎರಡು ಬಗೆ. ಒಂದರಲ್ಲಿ ಮಿದುಳಿನೊಳಗಿನ ರಕ್ತನಾಳ ಒಡೆಯುತ್ತದೆ, ಇನ್ನೊಂದರಲ್ಲಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಳ್ಳುವುದೇ ಹೆಚ್ಚು. ಕಾಲುವೆಯ ಬಾಯಿಗೆ ಕಸ ಕೂತರೆ ಮುಂದಿನ ಹೊಲವೆಲ್ಲ ಒಣಗುವುದಿಲ್ಲವೇ, ಹಾಗೆ. ದೊಡ್ಡ ರಕ್ತನಾಳವೊಂದು ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಲೆಕ್ಕ ಹಾಕಿದ್ದಾರೆ.

ಈ ಕಸವನ್ನು ಕರಗಿಸುವ ಸೂಜಿಮದ್ದು ಉಂಟು. ಅದರಿಂದ ಗುಣವಿದೆಯೆಂದು 1995ರಲ್ಲಿ ಅಮೇರಿಕದಲ್ಲಿ ಸಿದ್ಧವಾಯಿತು. ಸಾಮಾನ್ಯವಾಗಿ ಬೇನೆ ತೋರಿದ ನಾಲ್ಕೂವರೆ ಗಂಟೆಯೊಳಗೆ ಅದನ್ನು ಕೊಡಬೇಕು. ದೊಡ್ಡ ನಾಳದ ದೊಡ್ಡ ಗರಣೆ ಮಾತ್ರ ಅನೇಕ ವೇಳೆ ಮದ್ದಿಗೆ ಜಗ್ಗುವುದಿಲ್ಲ. ಆಗಲೇ ಯಂತ್ರದ ಕೆಲಸ. ತೊಡೆಯ ಸಂದಿಯಲ್ಲೋ ಮಣಿಕಟ್ಟಿನಲ್ಲೋ ರಕ್ತನಾಳವನ್ನು ಹೊಕ್ಕು, ಕ್ಷ-ಕಿರಣದ ಪರದೆ ನೋಡುತ್ತ, ಸಪೂರಾದ ನಳಿಗೆಯನ್ನು ಮಿದುಳಿನವರೆಗೆ ಏರಿಸುತ್ತಾರೆ. ತಲೆಬುರುಡೆ ಕೊರೆಯುವ ಮಾತೇ ಇಲ್ಲ.

ಮೊದಮೊದಲು ಸೀಸೆಯ ಬೂಚು ಕೀಳುವ ತಿರುಪಿನಂಥ ತಂತಿಯೊಂದಿತ್ತು. 2004ರಲ್ಲಿ ಅಮೇರಿಕ ಅದಕ್ಕೆ ಅನುಮತಿ ಕೊಟ್ಟಿತು. ಅದು ಹಿಂದೆ ಬಿದ್ದು, ಬಲೆ ಮತ್ತು ಕೊಳವೆ ಮುಂದೆ ಬಂದವು. ಬಲೆಯ ಕ್ರಮದಲ್ಲಿ, ಮಡಚಿದ ಜಾಳಿಗೆಯನ್ನು ಗರಣೆಯ ಆಚೆಯವರೆಗೆ ತೂರಿಸಿ ಅಲ್ಲಿ ಬಿಚ್ಚುತ್ತಾರೆ. ಕೆಲವು ನಿಮಿಷ ಬಿಟ್ಟರೆ ಗರಣೆ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತದೆ; ಆಮೇಲೆ ಮೆಲ್ಲನೆ ಎಳೆಯುವುದು. ಕೊಳವೆಯ ಕ್ರಮದಲ್ಲಿ ಗರಣೆಯನ್ನು ದಾಟುವುದಿಲ್ಲ. ಅದರ ಮುಖಕ್ಕೆ ಅಗಲ ಬಾಯಿಯ ನಳಿಗೆಯನ್ನು ಹಚ್ಚಿ ಪಂಪಿನಿಂದ ಹೀರುತ್ತಾರೆ. ಎರಡನ್ನೂ ಒಟ್ಟಿಗೆ ಹೂಡುವವರೂ ಇದ್ದಾರೆ.

ಇದರಿಂದ ನಿಜವಾಗಿ ಲಾಭವುಂಟೇ? ನೆದರ್ಲೆಂಡ್ಸಿನ 16 ಆಸ್ಪತ್ರೆಗಳ 500 ರೋಗಿಗಳಲ್ಲಿ, ಈ ಚಿಕಿತ್ಸೆಯನ್ನೂ ಸೇರಿಸಿದವರಲ್ಲಿ 100ಕ್ಕೆ 33 ಮಂದಿ ಮೂರು ತಿಂಗಳಲ್ಲಿ ಸ್ವತಂತ್ರರಾದರು, ಇಲ್ಲದವರಲ್ಲಿ 19. 2015ರಲ್ಲಿ ಈ ಪರೀಕ್ಷೆಯ ಜೊತೆಗೆ ಇನ್ನೂ ನಾಲ್ಕು ಪರೀಕ್ಷೆಗಳು ಪ್ರಕಟವಾಗಿ, ಸಂಶಯ ತೀರಿತು.

ಇನ್ನು ನಮ್ಮ ವ್ಯಾಜ್ಯ. 2017ರಲ್ಲಿ ಫ್ರಾನ್ಸಿನವರು 381 ರೋಗಿಗಳಲ್ಲಿ ಎರಡು ಕ್ರಮಗಳನ್ನೂ ಎದುರಿಗಿಟ್ಟು ನೋಡಿದರು. ಮೊದಲು ಹೀರಿದವರಲ್ಲಿ 100ಕ್ಕೆ 85 ಮಂದಿಯ ನಾಳ ತೆರೆಯಿತು. ಮೊದಲು ಬಲೆ ಹಾಕಿದವರಲ್ಲಿ 83. 2019ರಲ್ಲಿ ಅಮೇರಿಕ-ಕೆನಡಾಗಳ 270 ರೋಗಿಗಳ ಲೆಕ್ಕ ಬಂತು: ಹೀರಿದವರಲ್ಲಿ ಸ್ವತಂತ್ರರಾದವರು 100ಕ್ಕೆ 52, ಬಲೆಯವರಲ್ಲಿ 50. ಎರಡನ್ನೂ ಜೋಡಿಸಿದರೆ ಬಲೆಯೊಂದಕ್ಕಿಂತ ಮೇಲೇ ಎಂದು 2021ರಲ್ಲಿ ನೋಡಿದಾಗಲೂ ಖಚಿತವಾದ ಅಂತರ ಸಿಗಲಿಲ್ಲ. ನಾಳದ ತಿರುವು, ಗರಣೆಯ ಗಟ್ಟಿತನ, ವೈದ್ಯರ ಪಳಗಿದ ಕೈ ಇವುಗಳನ್ನು ನೋಡಿ ಒಂದನ್ನು ಆರಿಸುತ್ತಾರೆ; ಅದು ಸಾಗದಿದ್ದರೆ ಇನ್ನೊಂದು. ಆದ್ದರಿಂದ ಸಂಭಾಜಿನಗರದ ನಮ್ಮ ಸ್ನೇಹಿತರು ಆ ಚಿಂತೆಯನ್ನು ಬಿಡಬೇಕು. ಕೊಳವೆ ತನ್ನ ಕೆಲಸ ಮಾಡಿತ್ತು.

ಹಾಗಾದರೆ ವ್ಯತ್ಯಾಸ ಎಲ್ಲಾಯಿತು? ಇಬ್ಬರನ್ನೂ ಮತ್ತೆ ಕೇಳಿದೆವು. ನಾಸಿಕದ ಭಾವನವರು ಬಿದ್ದ ಒಂದೂವರೆ ಗಂಟೆಯಲ್ಲಿ ದವಾಖಾನೆಯಲ್ಲಿದ್ದರು. ಸಂಭಾಜಿನಗರದ ತಂದೆಯವರು ಊರಿನಿಂದ ಬಂದು ಎರಡು ವರ್ಷ. ಕನ್ನಡ ಬಿಟ್ಟು ಬೇರೆ ಬಾರದು. ಮಗ, ಸೊಸೆ ಇಬ್ಬರೂ ವಾಳೂಜಿನ ಕಾರಖಾನೆಗೆ ಹೋಗಿದ್ದರು. ಮಧ್ಯಾಹ್ನ ನೆರೆಮನೆಯ ಮರಾಠಿ ತಾಯಿ ಇಣುಕಿ ನೋಡಿದರು. ಅಜ್ಜ ಕುರ್ಚಿಯಲ್ಲಿ ಕುಳಿತು ಏನೋ ಹೇಳುತ್ತಿದ್ದರು. "ಆಜೋಬಾ ಕಾನಡೀ ಬೋಲತಾಯತ್" ಎಂದುಕೊಂಡು ಆಕೆ ನಕ್ಕು ಹೋದರು. ಅದು ಕನ್ನಡವಾಗಿರಲಿಲ್ಲ, ತೊದಲಾಗಿತ್ತು. ಮಗ ಮನೆ ಸೇರಿದ್ದು ಸಂಜೆ ಆರಕ್ಕೆ. ಆ ಹೊತ್ತಿಗೂ ಉಳಿಸಬಹುದಾದ ಭಾಗ ಸ್ವಲ್ಪ ಇದೆಯೆಂದು ಸ್ಕ್ಯಾನಿನಲ್ಲಿ ಕಂಡದ್ದರಿಂದಲೇ ಗರಣೆಯನ್ನು ತೆಗೆದರು. ಅಂಥವರಿಗೆ 24 ಗಂಟೆಯವರೆಗೂ ಪ್ರಯೋಜನವಾಗಬಹುದೆಂದು 2018ರಲ್ಲಿ ಗೊತ್ತಾಗಿದೆ. ಆದರೆ ಹೋದದ್ದು ಹೋಗಿತ್ತು.

ಇದರಲ್ಲಿ ಆ ತಾಯಿಯ ತಪ್ಪಿಲ್ಲ, ಮಗನ ತಪ್ಪೂ ಇಲ್ಲ. ನಮ್ಮ ಹಿರಿಯರ ಮಾತು ನೆರೆಯವರಿಗೆ ತಿಳಿಯದೆಂಬುದು ನಮಗೆಲ್ಲ ಗೊತ್ತಿದ್ದದ್ದೇ. ಅದು ಜೀವದ ಪ್ರಶ್ನೆಯಾದೀತೆಂದು ಯಾರಿಗೂ ಹೊಳೆದಿರಲಿಲ್ಲ.

ಆದ್ದರಿಂದ ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟು. ನಿಮ್ಮ ನೆರೆಯವರಿಗೆ ಮಾತಿಲ್ಲದೆಯೂ ತಿಳಿಯುವ ಎರಡು ಗುರುತುಗಳನ್ನು ಹೇಳಿಕೊಡಿ: ನಕ್ಕರೆ ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಎರಡು ಕೈ ಎತ್ತಿಸಿದರೆ ಒಂದು ಕೆಳಗೆ ಜೋಲುವುದು. ಮೂರನೆಯದು ಮಾತು, ಅದಕ್ಕೆ ಫೋನು ಹಚ್ಚಿ ನಿಮಗೆ ಕೇಳಿಸಲಿ. ಮನೆಯ ಹಿರಿಯರಿಗೂ ಮಕ್ಕಳಿಗೂ "ತೋಂಡ್ ವಾಕಡೇ ಝಾಲೇ, ಹಾತ್ ಉಚಲತ್ ನಾಹೀ" ಎಂಬ ಮರಾಠಿ ಮಾತನ್ನು ಬಾಯಿಪಾಠ ಮಾಡಿಸಿ. 108ಕ್ಕೆ ಕರೆ ಮಾಡಿ. ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದಿಡಿ. ವೈದ್ಯರು ಮೊದಲು ಕೇಳುವುದು ಅದನ್ನೇ. ಚಹ, ನೀರು, ಮಾತ್ರೆ ಏನೂ ಬೇಡ. ಒಡೆದ ನಾಳವೋ ಕಟ್ಟಿದ ನಾಳವೋ ಸ್ಕ್ಯಾನಿಲ್ಲದೆ ತಿಳಿಯದು. ಎಣ್ಣೆ ತಿಕ್ಕಿಸಲು ರಾತ್ರಿ ಬಸ್ಸಿಗೆ ಊರಿಗೆ ಕರೆದೊಯ್ಯುವುದಂತೂ ಬೇಡವೇ ಬೇಡ. ನಿಮ್ಮ ಊರಿನಲ್ಲಿ ಹಗಲೂ ರಾತ್ರಿಯೂ ಸ್ಕ್ಯಾನ್ ಮಾಡಿ ಗರಣೆ ತೆಗೆಯುವ ದವಾಖಾನೆ ಯಾವುದು, ಖರ್ಚಿಗೆ ವಿಮೆ ಒದಗುತ್ತದೆಯೇ ಎಂದು ಇಂದೇ ವಿಚಾರಿಸಿ. ಈ ಚಿಕಿತ್ಸೆಯ ಖರ್ಚು ಲಕ್ಷಗಳ ಲೆಕ್ಕದ್ದು.

ನೆರೆಯ ಆ ತಾಯಿ ಈಗ ದಿನಾಲೂ ಬೆಳಿಗ್ಗೆ ಬಾಗಿಲಲ್ಲಿ ನಿಂತು "ಅಜ್ಜಾ, ಚಹ ಆಯ್ತೇನ್ರೀ?" ಎಂದು ಕನ್ನಡದಲ್ಲೇ ಕೇಳುತ್ತಾರಂತೆ. ಅಜ್ಜ ಎಡಗೈ ಎತ್ತಿ ಉತ್ತರ ಕೊಡುತ್ತಾರಂತೆ. ಅಂಥ ನೆರೆ ಎಲ್ಲರಿಗೂ ಇರಲಿ. ಆದರೆ ಆ ಪರಿಚಯ ಬೇನೆ ಬರುವ ಮೊದಲೇ ಆಗಲಿ.